ಸೋಫಾ ಹತ್ತುವ ಬೆಕ್ಕಿನ ತಪ್ಪೇನು?

ಹೊಣಕೆರೆಯ ನಮ್ಮ ಮನೆಯ ಬೆಕ್ಕು ಸೋಫಾ ಬಿಟ್ಟು ಇಳಿಯುತ್ತಿರಲಿಲ್ಲ. ತಮ್ಮನಿಗೆ ಉಬ್ಬಸ. ಬೆಕ್ಕಿನ ಎಂಜಲು, ಚರ್ಮದ ಹೊಟ್ಟು ಬಟ್ಟೆಗೆ ಅಂಟಿ ಅಲರ್ಜಿ ತರುತ್ತವೆ. ಅದನ್ನು ಗೋಣಿಚೀಲಕ್ಕೆ ಹಾಕಿ ನಾಗಮಂಗಲದ ಕಡೆ ಬಿಟ್ಟುಬರಲು ಅಬ್ಬಾ ಹೊರಟೇಬಿಟ್ಟರು.

ಅಬ್ಬಾ ಕೋಪ ಸರಿ. ಆದರೆ ತಪ್ಪು ನಮ್ಮದು. ಸೋಫಾ ಮೇಲೆ ಕೂತು ನಾನು ಕರೆಯುತ್ತಿದ್ದೆ, ಅಮ್ಮಿ ಪೊರಕೆ ಎತ್ತುತ್ತಿದ್ದರು. ಬೆಕ್ಕು ಯಾರ ಮಾತು ಕೇಳಬೇಕು?

ಬೆಕ್ಕಿಗೆ ಬೇಕಾದದ್ದು ಎತ್ತರದ, ಬೆಚ್ಚಗಿನ ಜಾಗ. ಅದೇ ಗೋಣಿಚೀಲ ಮಡಚಿ, ಬಿಸಿಲು ಬೀಳುವ ಜಗಲಿ ಕಟ್ಟೆಯ ಮೇಲೆ ಹಾಸಿದೆ. ಸೋಫಾ ಹತ್ತಿದಾಗಲೆಲ್ಲ ಹೊಡೆಯದೆ ಎತ್ತಿ ಅಲ್ಲಿಗೇ ಬಿಟ್ಟೆವು. ಮುದ್ದು ಮಾಡುವುದೂ ಅಲ್ಲೇ. ಮೂರು ವಾರದಲ್ಲಿ ಕಲಿತಿತು.

ಗೆಳೆಯರೇ, ಬೆಕ್ಕನ್ನು ಬಿಟ್ಟುಬರುವ ಮೊದಲು ಮನೆಯವರೆಲ್ಲ ಒಂದೇ ಮಾತಿಗೆ ಬಂದು ನೋಡಿ.