ಸ್ಲ್ಯಾಬ್ ಹಾಕುವ ದಿನ ವೈರ್ ಹಗ್ಗ ನೋಡಿದವರು ಯಾರು?

ಮೊನ್ನೆ ಮೂಡಲಗಿಯಲ್ಲಿ ಬಸ್ಸಿಳಿದು ನಡೆದು ಹೊರಟಿದ್ದೆ. ಅಂಗಡಿಯೊಂದರ ಮೇಲೆ ಎರಡನೇ ಅಂತಸ್ತಿನ ಸ್ಲ್ಯಾಬ್ ಹಾಕುವ ಕೆಲಸ ಜೋರು ನಡೆದಿತ್ತು. ಕೆಳಗೆ ಮಿಕ್ಸರ್ ಮಷೀನು, ಅದರ ಮಗ್ಗುಲಲ್ಲಿ ಕಬ್ಬಿಣದ ಕಂಬದ ಲಿಫ್ಟು. ಡಿಸೇಲ್ ಎಂಜಿನ್ನು ಧಡಧಡ ಅಂದಂತೆಲ್ಲ ಕಾಂಕ್ರೀಟು ತುಂಬಿದ ತೊಟ್ಟಿ ಮೇಲೇರುತ್ತಿತ್ತು. ಅದರ ಬುಡದಲ್ಲೇ ಹೆಂಗಸರು, ಸಾಲಿ ಮಕ್ಕಳು ಹಾದು ಹೋಗುತ್ತಿದ್ದರು. ತೊಟ್ಟಿ ಎಳೆಯುವ ವೈರ್ ಹಗ್ಗದ ಎಳೆಗಳು ಜಾಲಿ ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಮಷೀನಿನವನನ್ನು ಕೇಳಿದರೆ, "ಏನೂ ಆಗೂದಿಲ್ರೀ ಸರ, ಹತ್ತ ವರ್ಷದಿಂದ ಹಿಂಗ ನಡದೈತಿ" ಅಂದ.

ಹತ್ತು ವರ್ಷ ನಡೆದದ್ದೇ ಹೆದರಿಕೆಯ ಮಾತು. ಪುಲ್ಲಿಯ ಮೇಲೆ ಬಾಗಿ ಬಾಗಿ ದಣಿಯುವ ವೈರು ಒಂದೊಂದೇ ಎಳೆ ಕಡಿದುಕೊಳ್ಳುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಹೊರಗೆ ಕಾಣುವುದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋದದ್ದು ಎಲ್ಲರಿಗೂ ನೆನಪಿದೆ. ಅಷ್ಟು ಇಂಜಿನಿಯರುಗಳು ಇರುವ ಕಡೆಗೇ ಹಾಗಾದರೆ, ನಮ್ಮ ಗಲ್ಲಿಯ ಭಾಡಿಗೆ ಲಿಫ್ಟಿನ ಗತಿ ಏನು?

ಕಾನೂನು ಇಲ್ಲವೆಂದಲ್ಲ. ಸಕ್ಕರೆ ಕಾರ್ಖಾನೆಯ ಕಬ್ಬು ಇಳಿಸುವ ಕ್ರೇನಿರಲಿ, ಮಿಲ್ಲಿನ ಚೈನ್ ಪುಲ್ಲಿಯಿರಲಿ, ಬೇಲಿಯ ಒಳಗಿನ ಇಂಥ ಸಾಮಾನನ್ನು 12 ತಿಂಗಳಿಗೊಮ್ಮೆಯಾದರೂ ಪರಿಣತರಿಂದ ಪರೀಕ್ಷೆ ಮಾಡಿಸಬೇಕು, ಎಷ್ಟು ಭಾರ ಎತ್ತಬಹುದೆಂದು ಅದರ ಮೇಲೆ ಬರೆಯಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಹೇಳಿತ್ತು. ಕಟ್ಟಡ ಕೆಲಸಕ್ಕೆ 1996ರ ಕಾಯ್ದೆ, 1998ರ ಕೇಂದ್ರ ನಿಯಮಗಳು ಬಂದವು. ಮೊದಲ ಸಲ ಬಳಸುವ ಮುಂಚೆ ಭಾರದ ಪರೀಕ್ಷೆ, ಆಮೇಲೆ ಐದು ವರ್ಷಕ್ಕೊಮ್ಮೆ ಮತ್ತೆ, ನಡುವೆ ವರ್ಷಕ್ಕೊಮ್ಮೆ ಕೂಲಂಕಷ ತಪಾಸಣೆ. ಈಗ ಈ ಎರಡೂ ಕಾಯ್ದೆಗಳ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ತೊಡಕು ಇರುವುದು ಇಲ್ಲೇ. ಹಿಂದಿನ ವರ್ಷದಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಟ್ಟಡ ಕೆಲಸ ಹೊಸ ಸಂಹಿತೆಯ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ವಾಸದ ಮನೆಯಾದರೆ 50 ಲಕ್ಷದವರೆಗೆ ಬಿಟ್ಟಿದ್ದಾರೆ. ಹಳೇ ಕಾಯ್ದೆಯಲ್ಲಿ ಈ ಮಿತಿ 10 ಲಕ್ಷವಿತ್ತು. ಗೋಕಾಕ, ಹುಕ್ಕೇರಿಗಳಲ್ಲಿ ಏಳುವ ಮನೆಗಳಲ್ಲಿ 50 ಲಕ್ಷ ದಾಟುವವು ಎಷ್ಟು, ನೀವೇ ಲೆಕ್ಕ ಹಾಕಿ. ಇನ್ನು ಅಂಗಡಿ ಕಟ್ಟಡವಾದರೆ ಗೌಂಡಿಯ ಜೊತೆ ದಿನಾ ನಾಲ್ಕೈದು ಮಂದಿ, ಸ್ಲ್ಯಾಬಿನ ದಿನ ಮಾತ್ರ ಇಪ್ಪತ್ತು ಮಂದಿ. ಆ ಇಪ್ಪತ್ತು ಮಂದಿ ಯಾರ ಆಳುಗಳು? ಮಾಲಕ ಗುತ್ತಿಗೆದಾರನ ಕಡೆ ಬೊಟ್ಟು ಮಾಡುತ್ತಾನೆ, ಗುತ್ತಿಗೆದಾರ ಮಷೀನಿನವನ ಕಡೆ.

ದೊಡ್ಡ ಕ್ರೇನುಗಳ ಕಥೆ ಬೇರೆ. ನಾವು ಹೈಡ್ರಾ ಅನ್ನುವ ಹಳದಿ ಗಾಡಿಗೆ ಕೆಎ-49 ನಂಬರ್ ಪ್ಲೇಟು ಇದ್ದ ಮಾತ್ರಕ್ಕೆ ಎಲ್ಲ ಬರೋಬ್ಬರಿ ಇದೆ ಎಂದಲ್ಲ. ಆರ್‌ಟಿಓ ಫಿಟ್‌ನೆಸ್ಸು ಗಾಡಿ ರಸ್ತೆಯ ಮೇಲೆ ಓಡುವುದಕ್ಕೆ, ಭಾರ ಎತ್ತುವ ಬೂಮು, ಹುಕ್ಕಿನ ಪರೀಕ್ಷೆಯೇ ಬೇರೆ. ಮೇಲೆ 14 ಟನ್ ಎಂದು ಬರೆದಿದ್ದರೂ ಅದು ಬೂಮು ಒಳಗಿದ್ದು ಭಾರ ಹತ್ತಿರವಿದ್ದಾಗಿನ ಮಾತು. ಬೂಮು ಚಾಚಿದಂತೆ ಎತ್ತುವ ತಾಕತ್ತು ಸರಸರ ಇಳಿಯುತ್ತದೆ. ಭಾರ ನೇತು ಹಾಕಿಕೊಂಡೇ ತಗ್ಗು-ದಿಣ್ಣೆಯಲ್ಲಿ ಓಡಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಸಾಮಾನು ಹಳೆಯದಾದ ಮಾತ್ರಕ್ಕೆ ಗುಜರಿಗೆ ಹಾಕಬೇಕಂತಲ್ಲ. ಬಡ ಗುತ್ತಿಗೆದಾರ ಹೊಸದು ಎಲ್ಲಿಂದ ತಂದಾನು? ನೋಡುವ ಕಣ್ಣು ಇದ್ದರೆ ಅರ್ಧ ಕೆಲಸ ಆದಂತೆ. 1998ರ ನಿಯಮದಲ್ಲಿ ಒಂದು ಸರಳ ಲೆಕ್ಕವಿದೆ. ಹಗ್ಗದ ದಪ್ಪದ ಎಂಟು ಪಟ್ಟು ಉದ್ದದಲ್ಲಿ ಕಣ್ಣಿಗೆ ಕಾಣುವ ಕಡಿದ ಎಳೆಗಳು ಒಟ್ಟು ಎಳೆಗಳ ನೂರಕ್ಕೆ ಹತ್ತನ್ನು ಮೀರಿದರೆ ಆ ಹಗ್ಗ ಬಳಸಕೂಡದು. ಆರು ಹುರಿ, ಒಂದೊಂದರಲ್ಲಿ 19 ಎಳೆ ಇರುವ ಹಗ್ಗದಲ್ಲಿ ಒಟ್ಟು 114 ಎಳೆ. ದಪ್ಪ 10 ಮಿಲಿಮೀಟರಾದರೆ 80 ಮಿಲಿಮೀಟರು, ಅಂದರೆ ನಾಲ್ಕು ಬೆರಳಗಲದಷ್ಟು ಜಾಗದಲ್ಲಿ 12 ಎಳೆ ಕಡಿದಿದ್ದರೆ ಮುಗಿಯಿತು. ಎಣಿಸಲು ಇಂಜಿನಿಯರೇ ಬೇಕಿಲ್ಲ. ಮಷೀನು ನಿಲ್ಲಿಸಿ ಎಣಿಸಬೇಕು, ಕೈಯಲ್ಲಿ ಸವರಬಾರದು, ಚರ್ಮ ಸೀಳುತ್ತದೆ. ಹಾಗೇ ಹುಕ್ಕಿನ ಬಾಯಿ ಅಗಲವಾಗಿದೆಯೇ, ತೊಟ್ಟಿ ಪೂರ್ತಿ ಕೆಳಗಿದ್ದಾಗ ಡ್ರಮ್ಮಿನ ಮೇಲೆ ಎರಡು ಸುತ್ತಾದರೂ ಹಗ್ಗ ಉಳಿದಿದೆಯೇ ನೋಡಿ. ಹಗ್ಗದ ತುದಿಗೆ ಹಾಕುವ ಕ್ಲಿಪ್ಪುಗಳ ಯು ಬೋಲ್ಟು ಭಾರ ಹೊರುವ ಹಗ್ಗವನ್ನು ಒತ್ತಬಾರದು, ಗಿಡ್ಡ ತುದಿಯ ಮೇಲೆ ಕೂಡಬೇಕು. ಇದನ್ನು ತಿರುವುಮುರುವು ಹಾಕಿದ್ದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ.

ಮಷೀನು ಭಾಡಿಗೆಗೆ ತರುವಾಗ ದಿನಕ್ಕೆಷ್ಟು ಎಂದು ಚೌಕಾಶಿ ಮಾಡುವ ಅಂಗಡಿಕಾರರು ಹಗ್ಗ ಯಾವಾಗ ಬದಲಿಸಿದ್ದು, ಪರೀಕ್ಷೆಯ ಕಾಗದ ಎಲ್ಲಿ ಎಂದು ಒಂದು ಮಾತು ಕೇಳಬಹುದು. ತೊಟ್ಟಿಯ ಕೆಳಗಿನ ಜಾಗಕ್ಕೆ ನಾಲ್ಕು ಗಳ ನೆಟ್ಟು ಹಗ್ಗ ಕಟ್ಟಿಸಿದರೆ ಎಷ್ಟು ಖರ್ಚಾದೀತು?

ವಾರದ ಮೇಲೆ ಮತ್ತೆ ಮೂಡಲಗಿಗೆ ಹೋದಾಗ ಆ ಅಂಗಡಿಯ ಸ್ಲ್ಯಾಬಿಗೆ ನೀರು ಕಟ್ಟಿದ್ದರು. ಮಷೀನು ಗೋಕಾಕಕ್ಕೆ ಹೋಗಿದೆ ಅಂದರು. ಹಗ್ಗ ಬದಲಿಸಿದನೇನು ಅಂತ ಕೇಳಿದೆ. "ಯಾಕ್ರೀ, ಏನಾಗೈತಿ ಅದಕ್ಕ?" ಅಂದರು.