ಸೀಸವನ್ನೂ ಒಮ್ಮೆ ನೋಡಿ, ಸ್ವಾಮಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ವಿಷಯ: ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸುವ ವ್ಯವಸ್ಥೆ ಇಲ್ಲದಿರುವ ಕುರಿತು

ಮಾನ್ಯರೇ,

ನಾನು ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ನಲಿ-ಕಲಿ ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಹಲವರ ಮನೆ ಇರುವುದು ಗುಜರಿ ಸಾಲಿನಲ್ಲಿ. ಅಲ್ಲಿ ಹಳೆಯ ಬ್ಯಾಟರಿ ಒಡೆದು, ಆಸಿಡ್ಡನ್ನು ಚರಂಡಿಗೆ ಸುರಿದು, ಒಳಗಿನ ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಸಂಜೆ ಅಪ್ಪಂದಿರು ಅದೇ ಅಂಗಿಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ.

ಈ ಸಾಲಿನ ಒಬ್ಬ ಹುಡುಗನಿಗೆ ಒಂದು ಕಡೆ ಕೂರಲಾಗದು. ನಿನ್ನೆ ತಿದ್ದಿದ ಅಕ್ಷರ ಇವತ್ತು ನೆನಪಿರುವುದಿಲ್ಲ, ಹೊಟ್ಟೆನೋವೆಂದು ಆಗಾಗ ಅಳುತ್ತಾನೆ. ಶಾಲೆಗೆ ಬಂದ ತಪಾಸಣಾ ತಂಡ ರಕ್ತಹೀನತೆ ಎಂದು ಬರೆದು, ಕಬ್ಬಿಣದ ಮಾತ್ರೆ ಕೊಟ್ಟು, ದೊಡ್ಡಾಸ್ಪತ್ರೆಗೆ ಚೀಟಿ ಬರೆಯಿತು. ಅವನ ತಾಯಿಯ ಜೊತೆ ನಾನೂ ಹೋಗಿ ಸೀಸದ ಪರೀಕ್ಷೆ ಆಗುತ್ತದೆಯೇ ಎಂದು ಕೇಳಿದೆ. 'ಅದೆಲ್ಲ ಇಲ್ಲಿ ಇಲ್ಲಮ್ಮ, ಹೊರಗಡೆ ಲ್ಯಾಬಿಗೆ ಕಳಿಸಬೇಕು' ಎಂದರು. ಕೂಲಿ ಮಾಡುವ ಆ ತಾಯಿ ಖರ್ಚೆಷ್ಟೆಂದು ಕೇಳಿ ಸುಮ್ಮನಾದರು.

ಹುಡುಗನ ತೊಂದರೆಗೆ ಸೀಸವೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ಹೇಳಲೂ ಯಾರಿಂದಲೂ ಆಗದು, ನೋಡಿದವರೇ ಇಲ್ಲ. ನನ್ನ ದೂರು ಇಷ್ಟೇ.

ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಬೆಳೆಯುವ ಮಿದುಳು ಸುಣ್ಣದಂಶವೆಂದು ಮೋಸಹೋಗಿ ಸೀಸವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಮನ, ಕಲಿಕೆ, ನಡವಳಿಕೆ ಮೂರಕ್ಕೂ ಪೆಟ್ಟು. ಕಬ್ಬಿಣದ ಕೊರತೆಯಿದ್ದರೆ ಹೀರಿಕೆ ಇನ್ನೂ ಹೆಚ್ಚು, ಏಕೆಂದರೆ ಕರುಳಿನಲ್ಲಿ ಎರಡೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ನಮ್ಮ ರಾಜ್ಯದ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿಗೆ ರಕ್ತಹೀನತೆ. ಮಾತ್ರೆ ಹಂಚುವ ಇಲಾಖೆ ಆ ಬಾಗಿಲಲ್ಲಿ ಇನ್ನೇನು ನುಗ್ಗುತ್ತಿದೆಯೆಂದು ಇಣುಕಿಯೂ ನೋಡುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರಕ್ತಹೀನತೆ ಇದೆ, ಗಳಗಂಡ ಇದೆ, ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಸೀಸ ಮಾತ್ರ ಇಲ್ಲ.

ಇದೇನು ಹೊಸ ಸುದ್ದಿಯೇ? 1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ, ಉಪ್ಪಿಗೆ ಅಯೋಡಿನ್ ಸೇರಿಸಿದ್ದೂ ಸರ್ಕಾರವೇ. ಆದರೂ 2020ರ ಯುನಿಸೆಫ್ ವರದಿಯ ಅಂದಾಜಿನಂತೆ ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ.

ಸರ್ಕಾರ ಬಿಟ್ಟ ಜಾಗಕ್ಕೆ ವ್ಯಾಪಾರಿಗಳು ಬಂದು ಕೂತಿದ್ದಾರೆ. ನನಗೆ ಗೊತ್ತಿರುವ ಇನ್ನೊಬ್ಬ ತಾಯಿಯ ಮಗಳಿಗೆ ಆಟಿಸಂ. ಖಾಸಗಿ ಕ್ಲಿನಿಕ್ಕೊಂದು ಮಗುವಿನ ಕೂದಲು ಕತ್ತರಿಸಿ 'ಖನಿಜ ಪರೀಕ್ಷೆ'ಗೆ ಕಳಿಸಿತು. ಬಣ್ಣಬಣ್ಣದ ಗೀಟುಗಳ ವರದಿ ಬಂತು, ಹಿಂದೆಯೇ ಜಿಂಕ್ ಟಾನಿಕ್ಕು, ಮೈಯೊಳಗಿನ ಲೋಹ ತೆಗೆಯುವ ಕೀಲೇಷನ್ ಚಿಕಿತ್ಸೆಯ ಪ್ಯಾಕೇಜು. ಆಟಿಸಂಗೆ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿ, ಹುಟ್ಟುವ ಮೊದಲೇ ನಡೆಯುವ ಮಿದುಳಿನ ಬೆಳವಣಿಗೆಯಲ್ಲಿ. ಕೂದಲು ನೋಡಿ ಅದಕ್ಕೆ ಮದ್ದು ಹೇಳಲಾಗದು. ಕೀಲೇಷನ್ ಬೇಕಾಗುವುದು ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸೀಸ ಸುಮಾರು 45 ಮೈಕ್ರೋಗ್ರಾಂ ಮುಟ್ಟಿದಾಗ, ಅದೂ ಆಸ್ಪತ್ರೆಯ ನಿಗಾದಲ್ಲಿ. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕ ಈ ಚಿಕಿತ್ಸೆಯಲ್ಲೇ ತೀರಿಕೊಂಡ. ಹೀಗೆ ನಿಜವಾಗಿ ಪರೀಕ್ಷೆ ಬೇಕಾದ ಮಗುವಿಗೆ ಪರೀಕ್ಷೆ ಇಲ್ಲ. ಪರೀಕ್ಷೆ ಬೇಡದ ಮಗುವಿನ ತಾಯಿ ಒಡವೆ ಅಡವಿಟ್ಟು ದುಡ್ಡು ಸುರಿಯುತ್ತಾಳೆ. ನನಗೆ ಸಿಟ್ಟು ಬರುವುದು ಇಲ್ಲಿ.

ಬ್ಯಾಟರಿ ಕೆಲಸ ನಡೆಯುವ ಜಾಗಗಳ ಮಕ್ಕಳಿಗೆ, ಗರ್ಭಿಣಿಯರಿಗೆ ರಕ್ತದ ಸೀಸದ ಪರೀಕ್ಷೆ ಉಚಿತವಾಗಿ ಸಿಗಲಿ, ಜಿಲ್ಲಾಸ್ಪತ್ರೆಯಲ್ಲಾದರೂ ಸಿಗಲಿ. ಬೆರಳ ತುದಿಯ ರಕ್ತದಲ್ಲೇ ಮೊದಲ ತಪಾಸಣೆ ಮಾಡುವ ಪುಟ್ಟ ಯಂತ್ರಗಳಿವೆ. ಕೂದಲು ಪರೀಕ್ಷೆ ತೋರಿಸಿ ಚಿಕಿತ್ಸೆ ಮಾರುವವರ ಮೇಲೆ ನಿಮ್ಮ ಇಲಾಖೆ ಕ್ರಮ ಕೈಗೊಳ್ಳಲಿ. ಬ್ಯಾಟರಿ ಒಡೆಯುವ ಶೆಡ್ಡುಗಳನ್ನು ಒಮ್ಮೆಲೇ ಮುಚ್ಚಿಸಿ ಎಂದು ನಾನು ಕೇಳುವುದಿಲ್ಲ. ಮುಚ್ಚಿಸಿದರೆ ರಾತ್ರೋರಾತ್ರಿ ಪಕ್ಕದ ಹಳ್ಳಿಗೆ ಹೋಗುತ್ತವೆ, ನನ್ನ ಮಕ್ಕಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆ ಬ್ಯಾಟರಿ ನೋಂದಾಯಿತ ಘಟಕಗಳಿಗೆ ಹೋಗಲಿ. ಅಲ್ಲಿ ದುಡಿಯುವವರಿಗೆ ಮೈ ತೊಳೆದು ಬಟ್ಟೆ ಬದಲಿಸಿ ಮನೆಗೆ ಹೊರಡುವಷ್ಟು ನೀರು, ಜಾಗ ಇರಲಿ.

ಈ ಪತ್ರದ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿದ್ದೇನೆ. ಇದು ನಮ್ಮದಲ್ಲ, ಅವರದು ಎಂದು ಕಡತ ಓಡಾಡುವುದು ಬೇಡ. ಆ ಹುಡುಗ ಬರುವ ಜೂನಿಗೆ ಮೂರನೇ ತರಗತಿ.

ಇತಿ,
ಒಬ್ಬ ಶಾಲಾ ಶಿಕ್ಷಕಿ