ಟೂರ್ ಬಸ್ಸು ಚನ್ನಪಟ್ಟಣದ ಒಳಗೂ ಹೋಗಲಿ



ನಮ್ಮ ಶಾಲೆಯ ಪ್ರವಾಸ ಪ್ರತಿ ವರ್ಷ ಬೆಂಗಳೂರು ನೋಡಿಕೊಂಡು ಮೈಸೂರಿಗೆ ಹೋಗುತ್ತದೆ. ಮೊದಲು ಆ ದಾರಿ ಚನ್ನಪಟ್ಟಣದ ಒಳಗೇ ಹಾದುಹೋಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಈಗ ಬಸ್ಸು ಊರಿನ ಹೊರಗಿನಿಂದಲೇ ಹೊರಟುಹೋಗುತ್ತದೆ. ಬೇಗ ತಲುಪಿದೆವು ಅಂತ ನಾವು ಖುಷಿಪಡ್ತೀವಿ. ಆದರೆ ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ದಾರಿಹೋಕರೇ ಗಿರಾಕಿಗಳು. ಅವರ ಗತಿಯೇನು?

ಬೇಸಿಗೆ ರಜೆಯಲ್ಲಿ ನಾನು ಅತ್ತೆ ಜೊತೆ ಅಲ್ಲಿಗೆ ಹೋಗಿದ್ದೆ. ಬೊಂಬೆ ಮಾತ್ರ ಅಲ್ಲ, ಮರದ ಬಳೆ, ಓಲೆ, ಮಣಿಸರ, ಬುಗುರಿ ಎಲ್ಲಾ ಇದ್ದವು. ಒಬ್ಬರು ಹಿರಿಯರು ಬಳೆ ಮಾಡೋದನ್ನು ತೋರಿಸಿದರು. ಒಣಗಿಸಿದ ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಅದು ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಬ್ರಷ್ಷೂ ಇಲ್ಲ, ಬೆಂಕಿಯೂ ಇಲ್ಲ! ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆ ಗರಿಯಿಂದ ತಿಕ್ಕಿದರೆ ಫಳಫಳ ಹೊಳಪು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಅಂತ ವಿಜ್ಞಾನದಲ್ಲಿ ನಾವು ಬಾಯಿಪಾಠ ಮಾಡ್ತೀವಲ್ಲ, ಅದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಚನ್ನಪಟ್ಟಣದ ಬೊಂಬೆಗೆ 2005-06ರಲ್ಲೇ ಜಿ.ಐ. ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಕಡೆಯ ಸರಕನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಹೆಸರಿಗೆ ರಕ್ಷಣೆ ಸಿಕ್ಕರೆ ಸಾಕೇ? ಕೊಳ್ಳುವವರು ಬಾರದಿದ್ದರೆ ಮಾಡುವವರ ಹೊಟ್ಟೆ ತುಂಬುವುದು ಹೇಗೆ? ಅವರ ಮಕ್ಕಳು ಈ ಕೆಲಸ ಯಾಕೆ ಕಲಿತಾರು?

"ಅಲ್ಲಿ ನಿಂತರೆ ಹೊತ್ತಾಗುತ್ತೆ" ಅಂತ ಕೆಲವರು ಹೇಳಬಹುದು. ಮೈಸೂರಿನಲ್ಲಿ ಪ್ಲಾಸ್ಟಿಕ್ ಕನ್ನಡಕ, ಕೀಚೈನ್ ಕೊಳ್ಳೋಕೆ ಎಷ್ಟು ಹೊತ್ತು ಕಳೀತೀವಿ? ಅದರಲ್ಲಿ ಒಂದು ಗಂಟೆ ಇಲ್ಲಿಗೆ ಕೊಟ್ಟರೆ ಸಾಕು. "ಬಳೆ ಅಂಗಡೀಲಿ ನಮಗೇನು ಕೆಲಸ?" ಅನ್ನೋ ಹುಡುಗರಿಗೆ ಬುಗುರಿ ಇದೆ, ತಂಗಿಗೆ ಕೊಡೋಕೆ ಬಳೆಯೂ ಇದೆ.

ಸ್ನೇಹಿತರೇ, ಇನ್ನೊಂದು ಮಾತು. ಪೇಟೆಯ ದೊಡ್ಡ ಅಂಗಡೀಲಿ ಚೀಟಿ ಮೇಲಿನ ಬೆಲೆಯನ್ನು ತುಟಿಪಿಟಕ್ ಅನ್ನದೆ ಕೊಡ್ತೀವಿ. ಕೈಯಾರೆ ಮಾಡಿದವರ ಹತ್ತಿರ ಮಾತ್ರ ಅರ್ಧಕ್ಕೆ ಅರ್ಧ ಕೇಳ್ತೀವಿ. ಇದು ನ್ಯಾಯವಲ್ಲ. ಒಂದೇ ಕೊಂಡರೂ ಸರಿ, ಸರಿಯಾದ ಬೆಲೆ ಕೊಟ್ಟು ಕೊಳ್ಳೋಣ.

ಗುರುಗಳೇ, ಈ ಸಲದ ಪ್ರವಾಸದ ಪಟ್ಟಿಯಲ್ಲಿ ಚನ್ನಪಟ್ಟಣವನ್ನೂ ಸೇರಿಸಬೇಕೆಂದು ವಿನಂತಿ. ಬೇಡ ಅನ್ನುವವರು ತಮ್ಮ ಕಾರಣವನ್ನು ಬರೆದು ಇದೇ ಗೋಡೆಗೆ ಅಂಟಿಸಲಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ